ಕೋ ಓನ್‌ಪೆ ಕೊಟ್ಟ ಮಾತು

ನಮ್ಮೂರಿನ ಬೇಸಗೆ ಸಾಮಾನ್ಯದ್ದಲ್ಲ. ಮಾರ್ಚ್ ಬಂತೆಂದರೆ ನಮ್ಮ ನೆರಳೇ ನಮ್ಮನ್ನು ರಸ್ತೆಯಲ್ಲಿ ಬಿಟ್ಟು ತಾನು ಹೋಗಿ ಮರದ ಕೆಳಗೆ ನಿಂತುಬಿಡುತ್ತದೆ. ನಮ್ಮ ಬ್ರಹ್ಮದೇಶದ ಐರಾವತಿ ನದಿ ತನ್ನ ನೀರನ್ನು ತಾನೇ ಕುಡಿದು, ದಡದಿಂದ ಅರ್ಧ ಮೈಲಿ ಹಿಂದಕ್ಕೆ ಸರಿದು ಮಲಗುತ್ತದೆ. ಇಂಥ ಊರಿನಲ್ಲಿ ಕೋ ಓನ್‌ಪೆ, ಅಂದರೆ ನಮ್ಮ ಓನ್‌ಪೆಯಣ್ಣ, ಆಯುಷ್ಯದ ಮುಕ್ಕಾಲು ಪಾಲು ಐಸ್ ಕಾರ್ಖಾನೆಯ ಲಾರಿ ಓಡಿಸಿದ. ಎಮ್ಮೆಯಷ್ಟು ದೊಡ್ಡ ಗಡ್ಡೆ ಹೇರಿಕೊಂಡು ಹೊರಟರೆ, ಬೇರೆ ಚಾಲಕರ ಲಾರಿಯಿಂದ ಮೀನುಪೇಟೆಯಲ್ಲಿ ಇಳಿಯುತ್ತಿದ್ದದ್ದು ಬೆಕ್ಕಿನಷ್ಟು. ಇವನ ಲಾರಿಯಿಂದ ಎಮ್ಮೆಯೇ ಇಳಿಯುತ್ತಿತ್ತು. ಕರಗಿದ್ದರೆ ಎಲ್ಲೋ ಕೊಂಬು ಒಂದಿಷ್ಟು ಕರಗಿರುತ್ತಿತ್ತು.

ಕಾರ್ಖಾನೆ ಮುಚ್ಚಿದ ಮೇಲೆ ಮನೆಯಲ್ಲಿ ಕೂತ. ಅದು ಅವನ ಹೆಂಡತಿಗೆ ಬಂದ ಕಷ್ಟ. ಏಕೆಂದರೆ ಅವನು ಸುಳ್ಳು ಹೇಳುವವನಲ್ಲ. ಪಂಚಶೀಲದಲ್ಲಿ ಮೊದಲನೆಯದನ್ನು ಸೊಳ್ಳೆಗಳ ವಿಷಯದಲ್ಲಿ ಕೈಬಿಟ್ಟಿದ್ದ, ಎರಡನೆಯದನ್ನು ಪಕ್ಕದ ಮನೆಯ ಮಾವಿನ ವಿಷಯದಲ್ಲಿ. ಮೂರನೆಯದನ್ನು ಮುರಿಯಲು ಹೆಂಡತಿ ಬಿಟ್ಟಿರಲಿಲ್ಲ, ಐದನೆಯದು ದಿನವೂ ಸಂಜೆ ತಾಳೆಮರದ ಸೇಂದಿಯಲ್ಲಿ ಮುಳುಗುತ್ತಿತ್ತು. ಹೀಗಾಗಿ ಸುಳ್ಳಾಡಬಾರದೆಂಬ ನಾಲ್ಕನೆಯ ಶೀಲವೊಂದನ್ನೇ ಹಿಡಿದುಕೊಂಡಿದ್ದ. ಐದರ ಶಕ್ತಿಯನ್ನೂ ಅದಕ್ಕೇ ಹಾಕಿ ಹಿಡಿದಿದ್ದ. ಮೀನಿನ ಸಾರು ಹೇಗಿದೆ ಎಂದು ಅಪ್ಪಿತಪ್ಪಿ ಕೇಳಿದರೆ ಹೇಗಿದೆಯೋ ಹಾಗೆ ಹೇಳಿಬಿಡುತ್ತಿದ್ದ. ಒಂದು ವಾರವಾಗುವಷ್ಟರಲ್ಲಿ ಅವನ ಹೆಂಡತಿಯೇ ವಿಹಾರದ ಪರಹಿತ ಸಂಘಕ್ಕೆ ಹೋಗಿ, ದೊಡ್ಡ ಭಿಕ್ಷುಗಳಿಗೆ ಮೂರು ಸಲ ನಮಸ್ಕಾರ ಹಾಕಿ, "ಇವರನ್ನ ಬಿಟ್ಟಿಯಾಗಿ ಇಟ್ಕೊಳ್ಳಿ ಸ್ವಾಮಿ, ಬೇಕಾದ್ರೆ ಊಟ ನಾನೇ ಕಳಿಸ್ತೀನಿ" ಎಂದು ಒಪ್ಪಿಸಿ ಬಂದಳು.

ಸಂಘದ ಆಸ್ತಿಯೆಂದರೆ ಒಂದು ಹಳೆಯ ಜಪಾನಿ ವ್ಯಾನು. ಅದರ ಪಕ್ಕೆಯ ಮೇಲೆ ಜಪಾನಿ ಅಕ್ಷರಗಳು ಇನ್ನೂ ಹಾಗೇ ಇದ್ದವು. ಅದು ಯಾವುದೋ ತಿಂಡಿ ಅಂಗಡಿಯ ಹೆಸರೆಂದು ಕೆಲವರು, ಧರ್ಮಸೂತ್ರವೆಂದು ಕೆಲವರು. ಯಾವುದೇ ಆಗಲಿ, ಬಡವರಿಗೆ ಹುಷಾರು ತಪ್ಪಿದರೆ ಆ ವ್ಯಾನು, ಸತ್ತರೂ ಆ ವ್ಯಾನು. ಕಾಸು ಕೇಳುವಂತಿಲ್ಲ. ಸ್ಟಿಯರಿಂಗ್ ಹಿಡಿಯುವವನು ಕೋ ಓನ್‌ಪೆ, ಡೋಲಿಯ ಇನ್ನೊಂದು ತುದಿ ಹಿಡಿಯುವವನು ನಾನು. ಆಸ್ಪತ್ರೆಯ ಎದುರು ನನ್ನದೊಂದು ಎಲೆಯಡಿಕೆ ಅಂಗಡಿ. ಅದನ್ನು ನೋಡಿಕೊಳ್ಳಲು ಮಗಳಿದ್ದಾಳೆ. ನನ್ನ ಹರಟೆ ಕೇಳಿಸಿಕೊಳ್ಳಲು ಮಾತ್ರ ರೋಗಿಗಳೇ ಬೇಕು.

ಈ ಕೆಲಸಕ್ಕೆ ಸೇರಿದ ಮೇಲೆ ನನಗೆ ತಿಳಿದದ್ದು: ರೋಗಿಯನ್ನು ಆಸ್ಪತ್ರೆಗೆ ಒಯ್ಯುವಾಗಿನ ಅವಸರ ಒಂದು ತೂಕವಾದರೆ, ಆಸ್ಪತ್ರೆಯಿಂದ ಮನೆಗೆ ಒಯ್ಯುವಾಗಿನದು ಹತ್ತು ತೂಕ. ನಮ್ಮ ಕಡೆ ಹಳ್ಳಿಗಳಲ್ಲಿ ಊರಾಚೆ ಸತ್ತವರನ್ನು ಊರೊಳಗೆ ತರುವಂತಿಲ್ಲ. ಹೊರಗೆ ಹೋದ ಜೀವ ಹೊರಗಿನಿಂದಲೇ ಸ್ಮಶಾನಕ್ಕೆ. ಮನೆಯ ಸೂರಿನಡಿ ಮಲಗಿಸುವುದಿಲ್ಲ, ನೆರೆಯವರು ರಾತ್ರಿಯೆಲ್ಲ ಇಸ್ಪೀಟು ಆಡುತ್ತ ಕಾವಲು ಕೂರುವುದಿಲ್ಲ. ಆದ್ದರಿಂದ ಡಾಕ್ಟರು ಕೈಚೆಲ್ಲಿದ ಕೂಡಲೇ ಮನೆಯವರು ಓಡಿ ಬರುತ್ತಾರೆ: ಉಸಿರಿರುವಾಗಲೇ ಊರ ಬಾಗಿಲು ದಾಟಿಸಿ ಎಂದು. ಐಸ್ ಲಾರಿಯವನಿಗೆ ಹೇಳಿಮಾಡಿಸಿದ ಕೆಲಸ.

ಹಾಗೆ ಬಂದವರು ತಾನ್‌ಗೋನ್ ಹಳ್ಳಿಯ ದೋ ಪ್ವಾ ಖಿನ್. ಎಂಬತ್ತು ದಾಟಿದ ಮುದುಕಿ, ತಾಳೆಬೆಲ್ಲ ಕಾಯಿಸಿ ಕಾಯಿಸಿ ತಾವೂ ಬೆಲ್ಲದ ಬಣ್ಣಕ್ಕೆ ತಿರುಗಿದ್ದವರು. ಅವರ ಗಂಡ ಹಿಂದೆ ಇದೇ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದ. ಹೆಣ ಊರ ಬಾಗಿಲಿನಾಚೆ ಒಂದು ಚಪ್ಪರದಡಿ ಬಿದ್ದಿತ್ತು, ಇವರು ಬಾಗಿಲಿನ ಈಚೆ ನಿಂತು ನೋಡಿದ್ದರು. ತಮಗೆ ಹಾಗಾಗಬಾರದೆಂಬುದು ಒಂದೇ ಹಟ. ಬೆಲ್ಲ ಮಾರಿ ತೇಗದ ಮರದಲ್ಲಿ ಕಟ್ಟಿಸಿದ ಮನೆ ಇತ್ತು. ಅದರ ನಡುಮನೆಯಲ್ಲಿ ಮಲಗಿಯೇ ಹೋಗಬೇಕು.

ಮಗಳು ಮ ಶ್ವೆ ಟಿನ್ ವ್ಯಾನು ಹತ್ತಲು ಬಂದರೆ ಮುದುಕಿ ಗದರಿಸಿ ಇಳಿಸಿದರು. ಮೋಟಾರ್ ಸೈಕಲ್ ಹತ್ತಿ ಮುಂದೆ ಹೋಗಿ ಮನೆ ಗುಡಿಸು, ಗುಡಿಸದ ಮನೆಗೆ ನಾನು ಕಾಲಿಡುವುದಿಲ್ಲ ಎಂದರು. ಕಾಲಿಡುವ ಸ್ಥಿತಿಯಲ್ಲಿ ಅವರಿರಲಿಲ್ಲವೆಂಬುದು ಬೇರೆ ಮಾತು. ಮಗಳು ಕಣ್ಣೊರೆಸಿಕೊಂಡು ಹೊರಟಳು.

ಮಲಗಿಸಿದ ಮೇಲೆ ಮುದುಕಿ ಕಣ್ಣು ತೆರೆದು ಚಾಲಕನನ್ನು ನೋಡಿದರು. "ನೀನು ಆ ಐಸ್ ಗಾಡಿಯವನಲ್ವಾ? ಅಷ್ಟೊಂದು ಗಾಬರಿ ಬೇಡಪ್ಪ. ನಾನು ಬೆಲ್ಲದವಳು, ಐಸಲ್ಲ."

"ಬೆಲ್ಲಾನೂ ಕರಗುತ್ತೆ ಅಮ್ಮಾ," ಎಂದ ಕೋ ಓನ್‌ಪೆ.

ಇವನ ಬಾಯಿಗೆ ಬೀಗ ಹಾಕಬೇಕೆಂದು ನನಗನ್ನಿಸಿತು. ಮುದುಕಿಗೆ ಮಾತ್ರ ಆ ಉತ್ತರ ಹಿಡಿಸಿತು. "ಸುಳ್ಳು ಹೇಳಲ್ವಂತೆ ನೀನು. ಹಾಗಿದ್ರೆ ಹೇಳು, ನನ್ನ ಮನೆ ಮುಟ್ಟಿಸ್ತೀಯಾ?"

ಎಷ್ಟೋ ಮನೆಯವರು ಅವನನ್ನು ಇದನ್ನೇ ಕೇಳಿದ್ದಾರೆ. ಅವನು ಎಲ್ಲರಿಗೂ ಹೇಳುತ್ತಿದ್ದದ್ದು "ನೋಡೋಣ" ಅಷ್ಟೇ. ಅವತ್ತು ಆಮ್ಲಜನಕದ ಸಿಲಿಂಡರು ನೋಡಿದ, ಬೋಳಾದ ಟೈರು ನೋಡಿದ, ಆಮೇಲೆ ಮುದುಕಿಯ ಮುಖ ನೋಡಿದ. "ಮುಟ್ಟಿಸ್ತೀನಿ," ಎಂದ.

ಆ ಪ್ರಯಾಣವನ್ನು ಏನೆಂದು ಹೇಳಲಿ? ನಾಲ್ಕು ಚಕ್ರಗಳಲ್ಲಿ ಎರಡು ನೆಲದ ಮೇಲೆ ಓಡುತ್ತಿದ್ದರೆ ಇನ್ನೆರಡು ಗಾಳಿಯಲ್ಲಿ ಸುಧಾರಿಸಿಕೊಳ್ಳುತ್ತಿದ್ದವು. ನಮ್ಮ ಹಿಂದೆ ಎದ್ದ ಧೂಳು ಕೆಳಗಿಳಿಯುವಷ್ಟರಲ್ಲಿ ಮುಂದಿನ ಹುಣ್ಣಿಮೆ ಬಂದಿತ್ತಂತೆ. ಆದರೂ ನನ್ನ ಕೈಯಲ್ಲಿದ್ದ ಲೋಟದ ನೀರು ತುಳುಕಲಿಲ್ಲ. ಇದು ಮಾತ್ರ ನಿಜ, ಬೇರೆಯದನ್ನು ಬೇಕಾದರೆ ನಂಬಬೇಡಿ. ಮುದುಕಿ ಅರ್ಧ ದಾರಿಯವರೆಗೂ ನನ್ನನ್ನು ಗೇಲಿ ಮಾಡುತ್ತಲೇ ಬಂದರು. ತಮ್ಮ ಎತ್ತಿನಗಾಡಿ ಇದಕ್ಕಿಂತ ಚುರುಕು ಎಂದರು, ನನ್ನ ಅಂಗಡಿಯ ಸುಣ್ಣ ಬಾಯಿ ಸುಡುತ್ತದೆ ಎಂದರು. ಒಣಹಳ್ಳದ ಮರಳು ದಾಟಿದ ಮೇಲೆ ಮಾತು ನಿಂತಿತು. ನಾನು ಒಂದು ಕೈಯಲ್ಲಿ ಅವರ ನಾಡಿ ಹಿಡಿದುಕೊಂಡೆ, ಇನ್ನೊಂದು ಕೈಯಲ್ಲಿ ವ್ಯಾನಿನ ಗೋಡೆ ಗುದ್ದುತ್ತ "ಇನ್ನೂ ಜೋರಾಗಿ ಕೋ ಓನ್‌ಪೆ" ಎನ್ನುತ್ತಿದ್ದೆ.

ತಾನ್‌ಗೋನಿನ ತಾಳೆಮರಗಳ ತಲೆ ಕಂಡಿತು. ಊರ ಬಾಗಿಲಿಗೆ ಮೊದಲು, ಒಂದು ಹೊಲದಷ್ಟು ಈಚೆ, ರಸ್ತೆ ಬದಿಯಲ್ಲಿ ಒಂದು ಹುಣಸೆಮರವಿದೆ. ಸರಿಯಾಗಿ ಅಲ್ಲಿ ಆಡಿನ ಹಿಂಡು ಅಡ್ಡ ಬಂತು. ಹಿಂಡೆಂದರೆ ಬ್ರಹ್ಮದೇಶದ ಆಡುಗಳಷ್ಟೂ ಅಲ್ಲಿಯೇ ಇದ್ದವು, ಒಂದು ದಾಟಿದರೆ ಹತ್ತು ಹುಟ್ಟುತ್ತಿದ್ದವು. ವ್ಯಾನು ನಿಂತಿತು. ಕೋ ಓನ್‌ಪೆ ಇಳಿದು ಹಿಂಬದಿಯ ಬಾಗಿಲು ತೆಗೆದು ಒಳಗೆ ಬಂದ. ಮುದುಕಿ ತಲೆ ಎತ್ತಬೇಕೆಂದು ಸನ್ನೆ ಮಾಡಿದರು. ಅವನು ತೋಳು ಕೊಟ್ಟು ಎತ್ತಿದ. ಕಿಟಕಿಯಲ್ಲಿ ಮರ ಕಾಣುತ್ತಿತ್ತು, ಅದರಾಚೆ ಊರ ಬೇಲಿ. ಅವರು ನೋಡಿದರು. ಆಡುಗಳು ದಾಟಿ ಮುಗಿಯುವಷ್ಟರಲ್ಲಿ ನನ್ನ ಕೈಯಲ್ಲಿದ್ದ ನಾಡಿ ಇರಲಿಲ್ಲ.

ಆಮೇಲೆ ನಾನು ನನಗೆ ಚೆನ್ನಾಗಿ ಬರುವ ವಿದ್ಯೆಯನ್ನು ತೆಗೆದೆ. ಒಂದೇ ಒಂದು ಹೊಲ ಬಾಕಿ ಇದೆ, ನಿದ್ದೆ ಮಾಡುತ್ತಿದ್ದಾರೆ ಎಂದರಾಯಿತು, ಮನೆಯಲ್ಲಿ ಮಲಗಿಸಿ ಒಂದು ಗಳಿಗೆ ಬಿಟ್ಟು ಅತ್ತರಾಯಿತು, ನೀನು ಬಾಯಿ ಮುಚ್ಚಿಕೊಂಡಿದ್ದರೆ ಸಾಕು ಎಂದೆ. ಅವನು ಹೊದಿಕೆಯನ್ನು ಮುದುಕಿಯ ಎದೆಯವರೆಗೆ ಎಳೆದು ಸರಿಮಾಡಿ, ಹೋಗಿ ಸ್ಟಿಯರಿಂಗ್ ಹಿಡಿದ. ಅಷ್ಟು ನಿಧಾನವಾಗಿ ಅವನು ಗಾಡಿ ಓಡಿಸಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಬಾಗಿಲ ಹತ್ತಿರ ಊರೇ ನೆರೆದಿತ್ತು. ಮುಳ್ಳುಬೇಲಿಯ ನಡುವೆ ಎರಡು ದಪ್ಪ ಕಂಬ, ಬಿದಿರಿನ ಕದ, ಪಕ್ಕದಲ್ಲಿ ಊರು ಕಾಯುವ ನಾಟ್ ದೈವದ ಪುಟ್ಟ ಗುಡಿಸಲು. ಕಂಬದ ಪಕ್ಕ ಇನ್ನೊಂದು ಕಂಬದಂತೆ ಹಿರಿಯ ಊ ಸಾನ್ ದೂನ್ ನಿಂತಿದ್ದ. ಆ ಮನುಷ್ಯ ರೂಢಿಯ ವಿಷಯದಲ್ಲಿ ಎಷ್ಟು ಬಿಗಿಯೆಂದರೆ, ಮಾಂಡಲೆಯಲ್ಲಿ ಸತ್ತ ಸ್ವಂತ ತಮ್ಮನನ್ನೇ ಒಳಗೆ ಬಿಟ್ಟಿರಲಿಲ್ಲ.

ನಾನು ಧುಮುಕಿ, ಅಮ್ಮ ಆರಾಮಾಗಿದ್ದಾರೆ, ಈಗ ತಾನೇ ಬೆಲ್ಲ ಯಾವ ದರಕ್ಕೆ ಹೋಗುತ್ತಿದೆ ಎಂದು ಕೇಳಿದರು ಎಂದೆ. ನನ್ನ ಕಡೆ ಒಬ್ಬರೂ ತಿರುಗಿ ನೋಡಲಿಲ್ಲ. ಊ ಸಾನ್ ದೂನ್ ನನ್ನನ್ನು ದಾಟಿ ಚಾಲಕನ ಕಿಟಕಿಗೆ ಹೋದ.

"ನೀನು ಹೇಳಪ್ಪ ಓನ್‌ಪೆ."

"ಹೋಗಿಬಿಟ್ರು ಹಿರಿಯರೇ. ಹುಣಸೆಮರದ ಹತ್ರ."

ಮ ಶ್ವೆ ಟಿನ್ ಕೈಯಲ್ಲಿದ್ದ ಪೊರಕೆಯನ್ನು ಅವನ ಮೇಲೆ ಎಸೆದಳು. "ಒಂದೇ ಒಂದು ಮಾತು ಬೇರೆ ಹೇಳಿದ್ರೆ ನಿನ್ನ ನಾಲಿಗೆ ಉದುರಿಹೋಗ್ತಿತ್ತೇನಯ್ಯಾ?"

ಪೊರಕೆ ಅವನ ಭುಜಕ್ಕೆ ತಗುಲಿ ಬಿತ್ತು. ಅವನು ಅದನ್ನು ಎತ್ತಿ ಬೇಲಿಗೆ ಒರಗಿಸಿದ. ಹಿರಿಯ ಎಡಗಡೆ ಸ್ಮಶಾನದ ದಾರಿಯತ್ತ ಗಲ್ಲ ಎತ್ತಿ ತೋರಿಸಿದ. ಆಗ ಕೋ ಓನ್‌ಪೆ ಇಂಜಿನ್ ಆರಿಸಿ, ಕೀಲಿಯನ್ನು ಲುಂಗಿಯ ಸೊಂಟಕ್ಕೆ ಸಿಕ್ಕಿಸಿಕೊಂಡು, ಮುಂದಿನ ಚಕ್ರಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂತ.

"ಆ ಕಡೆ ಈ ಗಾಡಿ ಹೋಗಲ್ಲ."

"ನನ್ನ ತಮ್ಮನ್ನೇ ಬಿಡಲಿಲ್ಲ ಕಣಯ್ಯಾ ನಾನು," ಎಂದ ಊ ಸಾನ್ ದೂನ್. ಅವನ ದನಿ ಸಣ್ಣದಾಗಿತ್ತು. "ಇವಳನ್ನ ಬಿಟ್ರೆ ಅವನಿಗೆ ಏನಂತ ಹೇಳ್ಲಿ?"

"ಅವರಿಗೇನು ಹೇಳ್ಬೇಕೋ ನಂಗೊತ್ತಿಲ್ಲ. ಮನೆ ಮುಟ್ಟಿಸ್ತೀನಿ ಅಂತ ನಾನು ಅಮ್ಮಂಗೆ ಮಾತು ಕೊಟ್ಟಿದೀನಿ. ನಿಮಗೆ ಸುಳ್ಳು ಹೇಳಲಿಲ್ಲ, ಅಮ್ಮಂಗೂ ಹೇಳಲ್ಲ. ನೀವು ಬಾಗಿಲು ಹಾಕಿದ್ರೆ ನನ್ನ ಮಾತು ಸುಳ್ಳಾಗುತ್ತೆ. ಅದಕ್ಕೇ ಇಲ್ಲೇ ಕೂತಿರ್ತೀನಿ."

ಕೂತೇ ಕೂತ. ಬಿಸಿಲು ಏರಿತು. ಯುವಕರು ನಾಲ್ಕು ಜನ ಬಂದು ವ್ಯಾನನ್ನು ತಳ್ಳಿಬಿಡೋಣ ಎಂದರು. ಚಕ್ರಕ್ಕೆ ಒರಗಿ ಕೂತವನ ಕಾಲು ಅದರ ಮುಂದೆಯೇ ಚಾಚಿಕೊಂಡಿತ್ತು, ಹಿಂದೆ ಸರಿದರು. ಹೆಂಗಸರು ಬೈದರು, ಆಮೇಲೆ ಅವರೇ ಕುಡಿಯಲು ನೀರು ತಂದು ಕೊಟ್ಟರು. ವ್ಯಾನಿನ ಮೇಲೆ ನೆರಳಾಗಲೆಂದು ಯಾರೋ ತಾಳೆಗರಿ ಹೊದಿಸಿದರು. ಮಗಳು ಒಳಗೆ ಹತ್ತಿ ತಾಯಿಗೆ ಗಾಳಿ ಬೀಸುತ್ತ ಕೂತಳು. ನಾನು ನನ್ನ ಎಲೆಯಡಿಕೆ ಪೆಟ್ಟಿಗೆ ಬಿಚ್ಚಿ ಇಡೀ ಊರಿಗೆ ಹಂಚಿದೆ. ಅಷ್ಟು ಜನ ಒಟ್ಟಿಗೆ ಉಗುಳಿದ್ದಕ್ಕೆ ಆ ರಸ್ತೆಯಲ್ಲಿ ಅವತ್ತು ಕೆಂಪು ಹಳ್ಳ ಹರಿಯಿತು.

ಊ ಸಾನ್ ದೂನ್ ಎಲೆ ಹಾಕಿಕೊಳ್ಳಲಿಲ್ಲ. ಒಬ್ಬನೇ ಹುಣಸೆಮರದವರೆಗೆ ನಡೆದುಹೋದ, ಅಲ್ಲಿ ನಿಂತ, ವಾಪಸು ಬಂದ. ಜೀವ ಹೋದದ್ದು ಮರಕ್ಕೆ ಆಚೆಯೋ ಈಚೆಯೋ ಎಂದು ಕೇಳಿದ. ಮರದ ನೆರಳಲ್ಲೇ ಎಂದ ಕೋ ಓನ್‌ಪೆ. ಹಿರಿಯ ಬಾಗಿಲ ಕಂಬವನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದ. ಅಷ್ಟೇನೂ ಅಲ್ಲಾಡಲಿಲ್ಲ.

"ಗೆದ್ದಲು ಹಿಡಿದಿದೆ," ಎಂದ. "ಬೇರೆ ಕಡೆ ಗಟ್ಟಿ ನೆಲದಲ್ಲಿ ನೆಡಬೇಕು ಅಂತ ಎಷ್ಟು ವರ್ಷದಿಂದ ಬಡ್ಕೋತಿದೀನಿ. ಒಬ್ಬರಾದ್ರೂ ಕೇಳಿದ್ರಾ?"

ಅವನು ಹಾಗೆ ಬಡಿದುಕೊಂಡದ್ದನ್ನು ಯಾರೂ ಕೇಳಿರಲಿಲ್ಲ. ಜನ ಒಬ್ಬರ ಮುಖ ಒಬ್ಬರು ನೋಡಿದರು. ಗಟ್ಟಿ ನೆಲ ಎಲ್ಲಿದೆ ಎಂದು ಒಬ್ಬ ಕೇಳಿದ.

"ಹುಣಸೆಮರದ ಆಚೆ," ಎಂದ ಹಿರಿಯ. "ಹಾರೆ ತನ್ನಿ."

ಆಮೇಲೆ ನಡೆದ ಕೆಲಸವನ್ನು ನೋಡಬೇಕಿತ್ತು. ನಮ್ಮ ಸಂಘದ ಪರಹಿತ ಅದರ ಮುಂದೆ ಒಂದು ಚಿಟಿಕೆ ಉಪ್ಪು. ಸೇಂದಿ ಇಳಿಸುವವರು ಮರ ಬಿಟ್ಟು ಬಂದರು, ಮುದುಕರು ಊರುಗೋಲು ಬಿಟ್ಟು ಬಂದರು. ಕಂಬ ನೆಲದೊಳಗೆ ಎಷ್ಟು ಆಳ ಹೋಗಿತ್ತೆಂದರೆ, ಕಿತ್ತ ಗುಂಡಿಯಲ್ಲಿ ಇಣುಕಿದವನಿಗೆ ಭೂಮಿಯ ಆಚೆ ಬದಿಯವರ ಅಂಗಾಲು ಕಂಡಿತಂತೆ. ಹಿರಿಯ ತೆಂಗಿನಕಾಯಿ, ಬಾಳೆಗೊನೆ ತರಿಸಿ ದೈವದ ಗುಡಿಸಲಿನ ಮುಂದಿಟ್ಟು ಕೈಮುಗಿದ. "ಒಡೆಯಾ, ಅಜ್ಜಂದಿರ ಕಾಲದಿಂದ ಬಿಸಿಲಲ್ಲೇ ಕೂರಿಸಿದ್ವಿ ನಿನ್ನ. ತಪ್ಪಾಯ್ತು. ಮರದ ನೆರಳಿಗೆ ಬಾ," ಎಂದು ಬೇಡಿಕೊಂಡು ಗುಡಿಸಲನ್ನು ತಾನೇ ತಲೆಯ ಮೇಲೆ ಹೊತ್ತ.

ಕಂಬಗಳು ಹೆಗಲೇರಿದವು, ಬಿದಿರಿನ ಕದ ನಾಲ್ಕು ಜನರ ತಲೆಯ ಮೇಲೆ ಹೊರಟಿತು. ವ್ಯಾನು ನಿಂತಲ್ಲೇ ನಿಂತಿತ್ತು. ಬಾಗಿಲೇ ಅದರ ಪಕ್ಕದಿಂದ ನಡೆದು, ಅದನ್ನು ದಾಟಿ, ಹುಣಸೆಮರವನ್ನೂ ದಾಟಿ ಹೋಗಿ ನಿಂತಿತು. ಕೋ ಓನ್‌ಪೆ ಆಗ ಎದ್ದ. ಹೊಸ ಗುಂಡಿ ತೋಡಲು ಅವನೇ ಹಾರೆ ಹಿಡಿದ, ಯಾರಿಗೂ ಬಿಡಲಿಲ್ಲ. ಮುಳ್ಳುಕೊಂಬೆ ಕಡಿದು ತಂದು ರಸ್ತೆಯ ಎರಡೂ ಬದಿ ಬೇಲಿ ಎಳೆದದ್ದಾಯಿತು. ಹುಣಸೆಮರ, ಅದರ ನೆರಳು, ಎರಡೂ ಈಗ ಊರೊಳಗೆ.

ಮಣ್ಣು ತುಳಿದು ಗಟ್ಟಿ ಮಾಡುತ್ತ ಊ ಸಾನ್ ದೂನ್ ಮೆಲ್ಲಗೆ ಹೇಳಿದ: "ನನ್ನ ತಮ್ಮನಿಗೂ ಹೀಗೆ ಮಾಡಬಹುದಿತ್ತು ಅಂತೀಯೇನೋ. ಮಾಂಡಲೆವರೆಗೆ ಬಾಗಿಲು ಹೊರೋಕಾಗುತ್ತಾ?"

"ಆಗಲ್ಲ," ಎಂದ ಕೋ ಓನ್‌ಪೆ.

ಹಿರಿಯ ತಲೆಯಾಡಿಸಿದ. ಆ ಉತ್ತರದಿಂದ ಅವನಿಗೆ ಏನೋ ಹಗುರವಾದಂತೆ ಕಂಡಿತು.

ದೋ ಪ್ವಾ ಖಿನ್ ಗುಡಿಸಿದ ಮನೆಗೇ ಹೋದರು. ತೇಗದ ನಡುಮನೆಯಲ್ಲಿ ಮಲಗಿಸಿದೆವು. ಭಿಕ್ಷುಗಳಿಗೆ ಹೇಳಿಕಳಿಸಿದರು, ಅಂಗಳದಲ್ಲಿ ಚಾಪೆ ಹಾಸಿ ಚಹಾ ಕಾಯಿಸಿದರು, ಇಸ್ಪೀಟಿನ ಕಟ್ಟು ಬಿಚ್ಚಿದರು. ನಾನು ಮೊದಲ ಆಟಕ್ಕೇ ಕೂತೆ. ಕೋ ಓನ್‌ಪೆ ಕೈಕಾಲು ತೊಳೆದು ಹೊರಡಲು ನಿಂತಾಗ ಮ ಶ್ವೆ ಟಿನ್ ಉಪ್ಪಿನಕಾಯಿಯಂತೆ ಹುಳಿಸಿದ ಚಹಾ ಎಲೆ, ಹುರಿದ ಶೇಂಗಾ, ಒಂದು ಹೆಂಟೆ ಬೆಲ್ಲ ತಂದು ಅವನನ್ನು ಕೂರಿಸಿ ಮುಂದಿಟ್ಟಳು. ಪೊರಕೆಯ ವಿಷಯ ಅವಳೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ.

ಅವಳಿಗೆ ಕೇಳಬೇಕಾದದ್ದು ಒಂದಿತ್ತು. ಅದನ್ನು ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ದೇವಕನ್ಯೆಯರು ಹೂವಿನ ಪಲ್ಲಕ್ಕಿ ತಂದಿದ್ದರು ಎನ್ನುತ್ತಿದ್ದೆ.

"ಕೋ ಓನ್‌ಪೆ, ಕೊನೇಲಿ ಅಮ್ಮಂಗೆ ನೋವಿತ್ತಾ?"

ಅವನು ಬೆಲ್ಲದ ಚೂರನ್ನು ತಟ್ಟೆಗೆ ವಾಪಸು ಇಟ್ಟ. "ಇತ್ತು ತಂಗಿ. ಹಳ್ಳ ದಾಟೋವಾಗ ತುಂಬಾ ಇತ್ತು," ಎಂದ. ಆಮೇಲೆ ಹೇಳಿದ: "ಹುಣಸೆಮರದ ಹತ್ರ ತಲೆ ಎತ್ತಿ ಊರು ನೋಡಿದ್ರು, ಆಗ ಇರಲಿಲ್ಲ."

ಅವಳು ಅಲ್ಲೇ ಕಂಬಕ್ಕೆ ಒರಗಿ ಕೂತು, ಬೆಳಗಿನಿಂದ ತಡೆದಿಟ್ಟುಕೊಂಡಿದ್ದ ಅಳುವನ್ನೆಲ್ಲ ಅತ್ತಳು. ಅವಳು ಅತ್ತು ಮುಗಿಸುವವರೆಗೂ ಕೋ ಓನ್‌ಪೆ ಏಳಲಿಲ್ಲ.