ಕೊಲ್ಲಾಪುರಮ್ಮನ ಕೂಗು ಮತ್ತು ಮುರುಗೇಶನ ಬೋರ್ಡು

ಚಳ್ಳಕೆರೆಯ ಎಣ್ಣೆ ಮಿಲ್ಲಿನ ಮನೆತನದಲ್ಲಿ ಹುಟ್ಟಿಯೂ ಮುರುಗೇಶನಿಗೆ ಶೇಂಗಾ ವ್ಯಾಪಾರ ಒಗ್ಗಲಿಲ್ಲ. ಮಿಲ್ಲನ್ನು ಅಣ್ಣ ವಿಶ್ವನಾಥ್ ನೋಡಿಕೊಂಡ. ಇವನು ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಹಾಕಿ ಕೂತ. ಇಂಟರ್‌ನೆಟ್ ಇನ್ನೂ ಊರಿಗೆ ಕಾಲಿಡದ ದಿನಗಳಲ್ಲಿ ಅಂಗಡಿಯ ಟೆಲಿಫೋನಿಗೇ ಒಂದು ಕಂಪ್ಯೂಟರ್ ಕಟ್ಟಿ ಬುಲೆಟಿನ್ ಬೋರ್ಡು ನಡೆಸಿದವನು ಅವನು. ಬೇರೆ ಊರಿನವರು ಆ ನಂಬರಿಗೆ ತಮ್ಮ ಕಂಪ್ಯೂಟರಿನಿಂದ ಫೋನು ಹಚ್ಚಿ ಒಬ್ಬರಿಗೊಬ್ಬರು ಓಲೆ ಬಿಡುತ್ತಿದ್ದರು, ಫೈಲು ಇಟ್ಟು ಹೋಗುತ್ತಿದ್ದರು, ಬೇಕಾದ್ದನ್ನು ಒಯ್ಯುತ್ತಿದ್ದರು. ಕಾಲ ಬದಲಾಗಿ ಅದು ಮುಚ್ಚಿಹೋಯಿತು. ಐವತ್ತು ದಾಟಿದ ಮೇಲೆ ಅವನಿಗೆ ಮತ್ತೆ ಅದೇ ಹುಚ್ಚು ಹತ್ತಿತು. ಹಳೆಯ ಬೋರ್ಡನ್ನು ಧೂಳು ಕೊಡವಿ ಎಬ್ಬಿಸಿ, ಈ ಸಲ ಇಂಟರ್‌ನೆಟ್ಟಿಗೇ ಜೋಡಿಸಿದ. ಕಪ್ಪು ಪರದೆಯ ಮೇಲೆ ಬರೀ ಬಣ್ಣದ ಅಕ್ಷರಗಳು. ಎಲ್ಲೆಲ್ಲಿಯದೋ ಹವ್ಯಾಸಿಗಳು ಆಗೀಗ ಬಂದು ಇಣುಕಿ ಹೋಗುವರು.

ತಪ್ಪದೆ ಬರುತ್ತಿದ್ದವನು ಬಿ.ಜಿ. ಕೆರೆಯ ಅಂಜಿನೇಯ. ಇಬ್ಬರೂ ಕಾಲೇಜಿನಲ್ಲಿ ಒಂದೇ ಬೆಂಚಿನವರು. ಹೊಲದ ಕೆಲಸ ಮುಗಿಸಿ ಕೈಕಾಲು ತೊಳೆದು ಅವನು ಬೋರ್ಡಿಗೆ ಬಂದರೆ ಮುರುಗೇಶನಿಗೆ ಜಗುಲಿಗೆ ನೆಂಟರು ಬಂದಷ್ಟು ಖುಷಿ.

ಅಂಜಿನೇಯನ ತಾಯಿ ಕೊಲ್ಲಾಪುರಮ್ಮನ ತವರು, ವರವು ಕಾವಲು ಎಂಬ ದೊಡ್ಡ ಹುಲ್ಲುಗಾವಲಿನ ಅಂಚಿನಲ್ಲಿತ್ತು. ಹುಡುಗಿಯಾಗಿದ್ದಾಗ ಆಕೆ ಆ ಹುಲ್ಲುಗಾವಲಿನಲ್ಲಿ ದನ ಮೇಯಿಸಿದವಳು. ಸಂಜೆ ದನ ತಿರುಗಿಸಲು ಆಕೆ ಕೂಗುತ್ತಿದ್ದ ಕೂಗು ಅರ್ಧ ಕನ್ನಡ, ಅರ್ಧ ತೆಲುಗು. "ಹೊತ್ತು ಮುಳುಗೈತೆ ಗೌರೀ, ಇಂಟಿಕಿ ರಾವೇ..." ಅಂತ, ಮನೆಗೆ ಬಾರೇ ಎಂದು ಎಳೆದರೆ ದನಿ ಕೊನೆಗೆ ಮೇಲಕ್ಕೆ ಹೋಗಿ ಅಲ್ಲೇ ನಿಂತುಬಿಡುತ್ತಿತ್ತು. ಒಂದೊಂದು ಹಸುವಿಗೆ ಒಂದೊಂದು ರಾಗ. ಕಾವಲಿಗೆ ಬೇಲಿ ಬಿದ್ದು, ದನ ಹೋಗಿ, ಆ ಕೂಗಿಗೆ ಕೆಲಸವೇ ಉಳಿದಿರಲಿಲ್ಲ. ಮಗ ಕೇಳಿದನೆಂದು ಮುದುಕಿ ನಾಚಿಕೊಳ್ಳುತ್ತ ಹಿತ್ತಲಲ್ಲಿ ಕೂತು ಕೂಗಿದಳು. ಅಂಜಿನೇಯ ಅದನ್ನು ಫೋನಿನಲ್ಲಿ ಹಿಡಿದು, ವಾರಕ್ಕೊಂದರಂತೆ ಬೋರ್ಡಿಗೆ ಏರಿಸತೊಡಗಿದ.

"ಫೋನು ತುಂಬೈತೆ ಕಣಲೇ, ಅಳಿಸಲೇನು?" ಎಂದು ಒಮ್ಮೆ ಕೇಳಿದ.

"ಅಳಿಸು. ನನ್ನತ್ರ ಭದ್ರವಾಗಿರ್ತಾವೆ" ಎಂದ ಮುರುಗೇಶ.

ಆ ದಿನಗಳಲ್ಲೇ ಮುರುಗೇಶ ಫೈಲುಗಳ ಪಟ್ಟಿ ಮಾಡುವ ಒಂದು ಹಳೆಯ ಪ್ರೋಗ್ರಾಮನ್ನು ಬೋರ್ಡಿಗೆ ಕೂರಿಸಿದ್ದ. ಯಾವ ಫೋಲ್ಡರು ಯಾವ ವಿಭಾಗ, ಹೆಸರಿಗೆ ಎಷ್ಟು ಜಾಗ, ತಾರೀಖು ಎಲ್ಲಿ ಬರಬೇಕು, ಹೊಸ ಫೈಲಿಗೆ ಯಾವ ಬಣ್ಣ, ಎಲ್ಲವನ್ನೂ ಅದಕ್ಕೆ ಒಂದೊಂದಾಗಿ ಹೇಳಿಕೊಡಬೇಕು. ಒಂದೇ ಫೈಲು ಎರಡು ಸಲ ಬಂದರೆ ಏನು ಮಾಡಲಿ ಎಂದೂ ಅದು ಕೇಳುತ್ತಿತ್ತು. ಮೊದಮೊದಲು ಪ್ರತಿಸಲವೂ ಕೇಳಿ ಪೀಡಿಸಿತು. ಬೇಸತ್ತ ಮುರುಗೇಶ, ಕೇಳದೆ ಹಳೆಯದನ್ನು ತೆಗೆದುಹಾಕು ಎಂದು ಬರೆದುಬಿಟ್ಟ. ದಿನಾ ಬೆಳಗ್ಗೆ ಅದು ತಾನಾಗೇ ಓಡಿ ಪಟ್ಟಿ ಹೊಸದು ಮಾಡುತ್ತಿತ್ತು. ಅವನ ಕಣ್ಣೆಲ್ಲ ಪಟ್ಟಿಯ ಸುತ್ತಲಿನ ಹಸಿರು ಅಂಚಿನ ಮೇಲೆ. ಒಳಗೆ ಏನಿದೆ ಎಂದು ಓದಲಿಲ್ಲ.

ಅದು ಹಳೆಯ ಕಾಲದ ಪ್ರೋಗ್ರಾಮು. ಹೆಸರಿನ ಮೊದಲ ಎಂಟು ಅಕ್ಷರಗಳನ್ನಷ್ಟೇ ನೋಡುತ್ತಿತ್ತು. ಅಂಜಿನೇಯನೋ, ಪ್ರತಿ ಫೈಲಿಗೂ ಮೊದಲು ಇಂಗ್ಲಿಷಿನಲ್ಲಿ ತಾಯಿಯ ಹೆಸರು ಪೂರ್ತಿ ಬರೆದು, ಆಮೇಲೆ ಹಸುವಿನ ಹೆಸರು ಸೇರಿಸುತ್ತಿದ್ದ. ಎಂಟು ಅಕ್ಷರ ತಾಯಿಯ ಹೆಸರಿಗೇ ಮುಗಿದು, ಪ್ರೋಗ್ರಾಮಿನ ಕಣ್ಣಿಗೆ ಎಲ್ಲವೂ ಒಂದೇ ಫೈಲು. ಹೊಸ ಕೂಗು ಬಂದಂತೆ ಹಳೆಯದು ಅಳಿಯುತ್ತ ಹೋಯಿತು.

ಒಂದು ದಿನ ಅಂಜಿನೇಯ ಬೋರ್ಡಿನಲ್ಲಿ ಬರೆದ: "ಪಟ್ಟಿಯಾಗೆ ಅವ್ವಂದು ಒಂದೇ ಕಾಣ್ತೈತಲ್ಲೋ?"

ಮುರುಗೇಶ ಹೋಗಿ ಫೋಲ್ಡರು ತೆರೆದ. ಒಂದೇ ಇತ್ತು. ಏನಾಗಿದೆ ಎಂದು ತಿಳಿಯಲು ಅವನಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಆದರೂ ಕೈ ಹೀಗೆ ಬರೆಯಿತು: "ಪಟ್ಟಿ ಸ್ವಲ್ಪ ಕೆಟ್ಟೈತೆ, ರಿಪೇರಿ ಮಾಡ್ತಿದೀನಿ. ಫೈಲೆಲ್ಲಾ ಅದಾವೆ."

ಅಳಿಸಿದ್ದನ್ನು ಮರಳಿ ತರುವ ಉಪಾಯಗಳನ್ನೆಲ್ಲ ಮಾಡಿದ. ಊರಿನವರ ಎಷ್ಟೋ ಮದುವೆ ಫೋಟೋಗಳನ್ನು ಹೀಗೆ ಉಳಿಸಿಕೊಟ್ಟವನು ಅವನು. ತನ್ನ ಯಂತ್ರದಲ್ಲಿ ಮಾತ್ರ ಆ ಜಾಗದ ಮೇಲೆ ಬೇರೇನೋ ಬಂದು ಕೂತಿತ್ತು. ಸಿಕ್ಕಿದ್ದು ಚೂರುಪಾರು. ಕೇಳಿದರೆ ಬರೀ ಗರಗರ.

ಹೆಂಡತಿ ದಾಕ್ಷಾಯಿಣಿ ಅವನ ಮುಖ ನೋಡಿ ಬಾಯಿ ಬಿಡಿಸಿದಳು. "ಇದ್ರಾಗೇನೈತ್ರಿ? ಹೋಗಿ ಹೇಳಿಬಿಡ್ರಿ. ಮುದುಕಿ ಗಟ್ಟಿಯಾಗದಾಳೆ, ಇನ್ನೊಂದ್ಸಲ ಕೂಗ್ತಾಳೆ."

"ಹೋಗ್ತೀನಿ. ಒಂದು ಒಳ್ಳೆ ಮೈಕು ತಗಂಡು ಹೋಗಿ, ಚೆನ್ನಾಗಿ ರೆಕಾರ್ಡ್ ಮಾಡಣ ಅಂತ ಹೇಳ್ತೀನಿ. ಕಳೆದದ್ದು ಹೇಳೋದೇ ಬ್ಯಾಡ."

"ಹೆಂಗಾರ ಮಾಡ್ರಿ. ಹೋಗ್ರಿ ಮೊದ್ಲು."

ಮೈಕು ತರಿಸಿದ. ಆ ಭಾನುವಾರ ಅಂಗಡಿಗೆ ಯಾರೋ ಬಂದರು. ಮುಂದಿನ ಭಾನುವಾರ ಮೊಳಕಾಲ್ಮೂರಿಗೆ ನೆಂಟರ ಮದುವೆಗೆ ಹೋಗಿದ್ದ. ಬಿ.ಜಿ. ಕೆರೆ ದಾರಿಯಲ್ಲೇ ಇತ್ತು. ಇಳಿಯಬೇಕೆಂದುಕೊಂಡವನು, ಅಂಜಿನೇಯನ ಮುಖ ನೆನೆದು ಬಸ್ಸಿನಲ್ಲಿ ಹಾಗೇ ಕೂತ. ಸ್ಟಾಪು ಹಿಂದೆ ಸರಿಯಿತು. ಬರುವಾಗ ಇಳಿದರಾಯಿತು ಎಂದುಕೊಂಡ. ಬರುವಾಗಲೂ ಇಳಿಯಲಿಲ್ಲ.

ಶೇಂಗಾ ಕೀಳುವ ಕಾಲಕ್ಕೆ ಅಂಜಿನೇಯ ತಾನೇ ಅಂಗಡಿಗೆ ಬಂದ. ಗಡ್ಡ ಬೆಳೆದಿತ್ತು. ಕುರ್ಚಿಯ ಅಂಚಿನಲ್ಲಿ ಕೂತ.

"ಅವ್ವಂಗೆ ಲಕ್ವ ಹೊಡೀತು ಕಣೋ. ಬಲಗೈ ಬಿತ್ತು. ಮಾತು ನಿಂತೈತೆ. ಎಲ್ಲಾ ತಿಳೀತೈತೆ, ಬಾಯಿ ಬರಲ್ಲ."

ಮುರುಗೇಶ ಕೈಲಿದ್ದ ಸ್ಕ್ರೂಡ್ರೈವರನ್ನು ಕೆಳಗಿಟ್ಟ.

"ಅವಳ ಕೂಗು ಅವಳಿಗೇ ಕೇಳಿಸಣ ಅಂತ. ಒಂದು ಪೆನ್‌ಡ್ರೈವಿಗೆ ಹಾಕ್ಕೊಡ್ತೀಯಾ, ಎಲ್ಲಾನೂ?"

ಇನ್ನು ಮುಚ್ಚಿಡಲು ಜಾಗವಿರಲಿಲ್ಲ. ಮುರುಗೇಶ ಹೇಳಿದ. ಪ್ರೋಗ್ರಾಮು, ಎಂಟು ಅಕ್ಷರ ಎಂದು ಶುರುಮಾಡಿದ. ಅಂಜಿನೇಯ ಕೈ ಅಡ್ಡ ಮಾಡಿದ.

"ಅದು ಬಿಡು. ನಿಂಗೆ ಯಾವಾಗ ಗೊತ್ತಾಯ್ತು?"

"ನೀನು ಕೇಳಿದ್ಯಲ್ಲ, ಅವತ್ತೇ."

"ಅವತ್ತು ಅವ್ವ ಮಾತಾಡ್ತಿದ್ಲು" ಎಂದ ಅಂಜಿನೇಯ.

ಬೈದಿದ್ದರೆ ಮುರುಗೇಶನಿಗೆ ಹಗುರಾಗುತ್ತಿತ್ತೇನೋ. ಅಂಜಿನೇಯ ಬೈಯಲಿಲ್ಲ. ಉಳಿದ ಒಂದೇ ಕೂಗನ್ನು ಫೋನಿಗೆ ಹಾಕಿಸಿಕೊಂಡ. ಏಳುವಾಗ, "ನೀನೂ ಬಾ. ಅವ್ವ ನಿನ್ನ ನೋಡಿ ಬಾಳ ದಿನ ಆತು" ಎಂದ. ಇಬ್ಬರೂ ಅಂಜಿನೇಯನ ಬೈಕಿನಲ್ಲಿ ಹೊರಟರು.

ಕೊಲ್ಲಾಪುರಮ್ಮ ಪಡಸಾಲೆಯಲ್ಲಿ ಮಂಚದ ಮೇಲೆ ಒರಗಿದ್ದಳು. ಮುರುಗೇಶನನ್ನು ಕಂಡು ಕಣ್ಣರಳಿಸಿ, ಎಡಗೈಯಿಂದ ಮಂಚದ ಅಂಚನ್ನು ತಟ್ಟಿದಳು. ಅವನು ಕೂತ. ಅಂಜಿನೇಯ ಫೋನನ್ನು ಆಕೆಯ ಕಿವಿಯ ಬಳಿ ಹಿಡಿದ. ಉಳಿದಿದ್ದುದು ಕೊನೆಯದಾಗಿ ಏರಿಸಿದ್ದ ಫೈಲು. ಅದರಲ್ಲಿ ತಾಯಿಗಿಂತ ಮಗನ ಮಾತೇ ಹೆಚ್ಚು: ಇನ್ನೊಂದ್ಸಲ ಅನ್ನವ್ವ, ಹತ್ರ ಬಾರವ್ವ. ನಡುವೆ ಆಕೆ ನಗುತ್ತಾಳೆ. ಆಮೇಲೆ ಒಂದೇ ಸಲ ದನಿ ಎತ್ತಿ ಕೂಗುತ್ತಾಳೆ, ಮುಗಿಯುತ್ತದೆ.

ಮುದುಕಿ ಕಣ್ಣು ಮುಚ್ಚಿ ಕೇಳಿದಳು. ತುಟಿ ಅಲುಗಿತು, ದನಿ ಬರಲಿಲ್ಲ. ಮುಗಿದ ಮೇಲೆ ಕಣ್ಣು ತೆರೆದು, ಫೋನನ್ನು ತೋರಿಸಿ ಬೆರಳು ಆಡಿಸಿದಳು. ಅದೇ ಕೂಗನ್ನು ಅಂಜಿನೇಯ ಮತ್ತೆ ಹಾಕಿದ. ಆಕೆ ತಲೆಯಾಡಿಸಿ ಬೇಡವೆಂದಳು. ಮತ್ತೆ ಬೆರಳು ಆಡಿಸಿದಳು. ಬೇರೆಯದು ಬೇಕು. ತಾನು ಎಷ್ಟು ಕೂಗಿದ್ದೆನೆಂದು ಆಕೆಗೆ ಚೆನ್ನಾಗಿ ನೆನಪಿತ್ತು.

ಅಂಜಿನೇಯ ಮುರುಗೇಶನ ಕಡೆ ತಿರುಗಲಿಲ್ಲ. "ಚಾರ್ಜು ಮುಗೀತು ಕಣವ್ವ, ನಾಳೆ ಹಾಕ್ತೀನಿ" ಎಂದು ಫೋನನ್ನು ಜೇಬಿಗಿಟ್ಟುಕೊಂಡ.

ಮುದುಕಿ ಸರಿ ಎಂಬಂತೆ ಕಣ್ಣು ಮುಚ್ಚಿದಳು. ಆಕೆಯ ಎಡಗೈ ಮುರುಗೇಶನ ಮೊಣಕಾಲಿನ ಮೇಲಿತ್ತು. ಅದನ್ನು ಸರಿಸಿ ಎದ್ದು ಹೋಗಲು ಬಹಳ ಹೊತ್ತಿನವರೆಗೂ ಅವನಿಂದಾಗಲಿಲ್ಲ.