ಹುಳ ಇಳಿಯದ ಗೊಬ್ಬರ

ಬಂದ್ಯೋಡು ಪೇಟೆಯಿಂದ ಸ್ವಲ್ಪ ಒಳಗೆ, ನಮ್ಮ ಮನೆಯ ಎದುರಿನ ದೇವಸ್ಥಾನದ ನಿರ್ಮಾಲ್ಯವನ್ನು ಗೊಬ್ಬರ ಮಾಡುವ ಕೆಲಸ ನಾನೇ ಕೇಳಿ ಪಡೆದದ್ದು. ದೇವರಿಗೆ ಏರಿಸಿ ತೆಗೆದ ಹೂವನ್ನು ತುಳಿಯಬಾರದು. ಹೊಳೆಗೋ ಮರದ ಬುಡಕ್ಕೋ ಹಾಕುವುದು ರೂಢಿ. ಈಗ ಹೂ ಊರಿನದ್ದಲ್ಲ. ಲಾರಿಯಲ್ಲಿ ಬರುವ ಚೆಂಡುಹೂ, ಸೇವಂತಿಗೆ. ಗುಂಡಿಯಲ್ಲಿ ಕೊಳೆತು ಕಪ್ಪಗೆ, ಪುಡಿಪುಡಿಯಾಗಿ, ಒಳ್ಳೆಯ ಮಣ್ಣಿನ ವಾಸನೆಯ ಗೊಬ್ಬರವಾಯಿತು. ಪಕ್ಕದ ಮನೆಯಾಕೆ ಎರಡು ಬುಟ್ಟಿ ಒಯ್ದು ಬಸಳೆಯ ಬುಡಕ್ಕೆ ಹಾಕಿದರು. ಹೆರಿಗೆಗೆ ಬಂದಿದ್ದ ಅವರ ಮಗಳಿಗೆ ಹೆಚ್ಚುಕಡಿಮೆ ದಿನವೂ ಊಟಕ್ಕೆ ಆ ಬಸಳೆಯದ್ದೇ ಪದಾರ್ಥ.

ವಿಷವಿರುವ ಕಡೆಗೆ ಎರೆಹುಳ ಇಳಿಯುವುದಿಲ್ಲ. ನಾನು ಆ ಪರೀಕ್ಷೆ ಮಾಡಿದ್ದು ಸಂಶಯದಿಂದಲ್ಲ. ಖರ್ಚಿಲ್ಲದ್ದು, ಮಾಡಿ ನೋಡುವ ಎಂದು. ಪ್ಲಾಸ್ಟಿಕ್ ಬೋಗುಣಿಯ ನಡುವೆ ರಟ್ಟು ನಿಲ್ಲಿಸಿ ಒಂದು ಕಡೆ ಹಿತ್ತಿಲ ಮಣ್ಣು, ಇನ್ನೊಂದು ಕಡೆ ಗೊಬ್ಬರ ತುಂಬಿಸಿದೆ. ಎರಡಕ್ಕೂ ಒಂದೇ ಹದಕ್ಕೆ ನೀರು. ರಟ್ಟು ತೆಗೆದು, ಆ ಗೆರೆಯ ಮೇಲೆ ಎರೆಹುಳಗಳನ್ನು ಬಿಟ್ಟು, ಒದ್ದೆ ಗೋಣಿ ಮುಚ್ಚಿದೆ.

ಎರಡು ದಿನ ಬಿಟ್ಟು ಗೋಣಿ ಸರಿಸಿದೆ. ಹುಳಗಳೆಲ್ಲ ಮಣ್ಣಿನ ಕಡೆ, ಬೋಗುಣಿಯ ಅಂಚಿಗೆ ಒತ್ತಿಕೊಂಡು ಒಂದರ ಮೇಲೊಂದು ಸುತ್ತಿಕೊಂಡಿದ್ದವು. ಗೊಬ್ಬರದ ಕಡೆ ಒಂದೇ ಒಂದು, ಸತ್ತದ್ದು. ನೆನಪಾದದ್ದು ಬಸಳೆ.

ಪಕ್ಕದ ಮನೆಯಾಕೆಯನ್ನು ಕರೆದು ತೋರಿಸಿದೆ.

"ಹುಳಕ್ಕೆ ಸೂತಕ ಇರಬೇಕು ಮಾರಾಯ್ರೆ, ಅದಕ್ಕೇ ದೇವರ ಹೂ ಮುಟ್ಟುದಿಲ್ಲ," ಎಂದು ನಕ್ಕರು.

"ಇನ್ನೊಮ್ಮೆ ನೋಡುವವರೆಗೆ ಬಸಳೆ ಕೊಯ್ಯಬೇಡಿ," ಎಂದೆ. ನಗು ನಿಂತಿತು.

ಗೊಬ್ಬರ ಪೂರ್ತಿ ಕಳಿಯದಿದ್ದರೂ ಹುಳ ಓಡುತ್ತದೆ, ಬಿಸಿಯಿದ್ದರೂ ಓಡುತ್ತದೆ. ಗುಂಡಿಗೆ ಮೊಣಕೈವರೆಗೆ ಕೈ ಹಾಕಿ ನೋಡಿದೆ, ತಂಪಾಗಿತ್ತು. ಈ ಸಲ ಎರಡು ಬೋಗುಣಿ. ಒಂದರಲ್ಲಿ ಹೂವಿನ ಗೊಬ್ಬರ, ಇನ್ನೊಂದರಲ್ಲಿ ಅದೇ ದಿನಗಳಲ್ಲಿ ತುಂಬಿಸಿದ್ದ ತರಗೆಲೆ ಗುಂಡಿಯ ಗೊಬ್ಬರ. ಹುಳ ಬಿಟ್ಟದ್ದು ಆಕೆಯೇ. ತರಗೆಲೆಯದ್ದಕ್ಕೆ ಹುಳ ಸುಮ್ಮನೆ ಇಳಿದವು. ಹೂವಿನದ್ದಕ್ಕೆ ಇಳಿಯಲಿಲ್ಲ. ಹೂ ಬೆಳೆಯುವಾಗ ಎಂತ ಮದ್ದು ಹೊಡೆದಿದ್ದರು, ಎಷ್ಟು ಉಳಿದಿತ್ತು, ನನಗೆ ಗೊತ್ತಿಲ್ಲ. ಬಸಳೆಯ ಎಲೆಗೆ ಏರಿತ್ತೋ ಇಲ್ಲವೋ, ಅದೂ ಗೊತ್ತಿಲ್ಲ. ಕೃಷಿ ಭವನದ ಮಣ್ಣು ಪರೀಕ್ಷೆ ಹುಳಿ ಎಷ್ಟು, ಸಾರ ಎಷ್ಟು ಎಂದಷ್ಟೇ ಹೇಳುತ್ತದೆ.

ಆಕೆ ಹೋಗಿ ಚಪ್ಪರದಿಂದ ಬಸಳೆಯನ್ನು ಎಳೆದು ಹಾಕಿದರು. ಬುಡದ ಮಣ್ಣನ್ನು ಕೆರೆದು ಬುಟ್ಟಿಗೆ ತುಂಬಿಸಿ ಸೊಂಟಕ್ಕೇರಿಸಿದರು. ಅಂಗಳದ ನಡುವೆ ನಿಂತರು.

"ತುಳಿಯುವ ಹಾಗಿಲ್ಲ. ಹೊಳೆಗೆ ಹಾಕಿದರೆ ಮೀನು ಉಂಟು. ಮರದ ಬುಡಕ್ಕೂ ಬೇಡ. ಇದನ್ನು ಎಲ್ಲಿ ಹಾಕುದು, ನೀವೇ ಹೇಳಿ."

ನಾನು ಹೇಳುವ ಮೊದಲೇ ಮಗಳು ಬಾಗಿಲಿಗೆ ಬಂದಳು. ಕಿತ್ತ ಬಳ್ಳಿ ನೋಡಿದಳು, ನನ್ನನ್ನು ನೋಡಿದಳು.

"ಅಮ್ಮಾ, ನಾನು ತಿಂದದ್ದು?"

"ನಾಳೆ ಡಾಕ್ಟರ ಹತ್ರ ಕೇಳುವ," ಎಂದರು ತಾಯಿ. ಬುಟ್ಟಿ ಇನ್ನೂ ಅವರ ಸೊಂಟದ ಮೇಲೆಯೇ ಇತ್ತು.