ನಾಲ್ಕನೇ ತೂತು

ಆಗ ಶಿವಾಜಿನಗರವನ್ನು ಬ್ಲಾಕ್‌ಪಳ್ಳಿ ಎನ್ನುತ್ತಿದ್ದರು. ಹಲಸೂರಿನ ನಾವು ಕೆರೆ ಬಳಸಿಕೊಂಡು ಅಲ್ಲಿನ ಸ್ಕೂಲಿಗೆ ನಡೆದೇ ಹೋಗುತ್ತಿದ್ದೆವು. ಟೀಚರ್ ಹೊಡೆದದ್ದನ್ನು ಮನೆಯಲ್ಲಿ ಹೇಳಿದರೆ ಇನ್ನೆರಡು ಬೀಳುತ್ತಿದ್ದವು. ಆ ಏಟಿನಿಂದಲೇ ಮನುಷ್ಯರಾದೆವು ಎಂದು ನನ್ನ ವಾರಿಗೆಯವರು ಈಗ ನಗುತ್ತಾರೆ. ನನಗೆ ನಗು ಬರುವುದಿಲ್ಲ. ನಾನು ತಿಂದದ್ದು ಒಂದೇ ಏಟು, ಕೊಟ್ಟದ್ದಕ್ಕೆ ಲೆಕ್ಕವಿಲ್ಲ.

ಯುದ್ಧದ ಕಾಲವದು. ದರ್ಜಿಯಾಗಿದ್ದ ಅಪ್ಪನಿಗೆ ಸೋಲ್ಜರುಗಳ ಅಂಗಿ ಹೊಲಿಯುವ ಕೆಲಸ ಕೈತುಂಬ ಇತ್ತು. ಮನೆಯೆಲ್ಲ ಹೊಸ ಖಾಕಿಯ ಗಂಜಿ ವಾಸನೆ; ಬಸ್ಸಾರಿನ ಒಗ್ಗರಣೆಯೂ ಅದರ ಮುಂದೆ ಸೋಲುತ್ತಿತ್ತು. ಗುಂಡಿ ಹಾಕುವುದು ಅಕ್ಕ ಸರೋಜಳ ಪಾಲು, ಸೂಜಿಗೆ ದಾರ ಪೋಣಿಸುವುದು ನನ್ನ ಪಾಲು. ಅಕ್ಕ ನನಗಿಂತ ಎರಡು ವರ್ಷ ದೊಡ್ಡವಳು. ಇಂಗ್ಲಿಷಿನಲ್ಲಿ ಎರಡು ಸಲ ಫೇಲಾಗಿ ನನ್ನ ಕ್ಲಾಸಿಗೇ ಬಂದು ನನ್ನ ಪಕ್ಕದಲ್ಲೇ ಕೂತಿದ್ದಳು.

ಇಂಗ್ಲಿಷಿನ ಗ್ರೇಸಮ್ಮ ಟೀಚರಿಗೆ ಶಬ್ದದ ರೂಪ ಬದಲಾಯಿಸಿ ಹೇಳಿಸುವುದೇ ಒಂದು ಹುಚ್ಚು. ಅವರು ಒಂದು ಶಬ್ದ ಕೊಟ್ಟರೆ ನಾವು ಅದರ ಉಳಿದ ಮೂರು ರೂಪ ಸೇರಿಸಿ ನಾಲ್ಕನ್ನೂ ಹೇಳಬೇಕು. ಬಾರದವರು ನಿಂತುಕೊಳ್ಳಬೇಕು. ಬಂದವಳು ಹೋಗಿ ಎಡಗೈಯಲ್ಲಿ ನಿಂತವಳ ಮೂಗು ಹಿಡಿದು ಬಲಗೈಯಲ್ಲಿ ಕೆನ್ನೆಗೆ ಬಾರಿಸಬೇಕು. ಮೊದಲ ಸಲ ನಾನು ಅಕ್ಕನ ಕೆನ್ನೆಯನ್ನು ಸುಮ್ಮನೆ ಮುಟ್ಟಿದ್ದೆ.

“ಬೆಣ್ಣೆ ಹಚ್ತಿದ್ದೀಯಾ? ಇಲ್ಲಿ ವಾ ಮಾ, ಹೇಗೆ ಅಂತ ತೋರಿಸ್ತೀನಿ” ಎಂದು ಗ್ರೇಸಮ್ಮ ತಮಿಳು ಬೆರೆಸಿ ಕರೆದು ನನ್ನ ಕೆನ್ನೆಯ ಮೇಲೇ ತೋರಿಸಿದರು.

ಆ ಸಂಜೆ ಜಗಲಿಯ ಮೇಲೆ ಅಕ್ಕ ಒಂದು ಉಪಾಯ ಕಂಡುಹಿಡಿದಳು. “ನೋಡೇ ಪದ್ದು, ಗುಂಡಿಗೆ ನಾಲ್ಕು ತೂತು. ಒಂದೊಂದು ತೂತಿಗೆ ಒಂದೊಂದು ರೂಪ ಹೇಳ್ಕೊಂಡ್ ಹೋಗೋಣ.” ಸೂಜಿ ಮೇಲೆ ಬಂದಾಗ ಸ್ಟ್ರಾಂಗ್, ಕೆಳಗೆ ಹೋದಾಗ ಸ್ಟ್ರೆಂತ್, ಮತ್ತೆ ಮೇಲೆ ಸ್ಟ್ರೆಂತನ್, ಕೆಳಗೆ ಸ್ಟ್ರಾಂಗ್ಲಿ. ಒಂದು ಅಂಗಿ ಮುಗಿಯುವಷ್ಟರಲ್ಲಿ ಏಳೆಂಟು ಶಬ್ದ ಬಾಯಿಗೆ ಬರುತ್ತಿದ್ದವು. ಕಲಿಸಿದವಳು ಅಕ್ಕ, ಕಲಿತವಳು ನಾನು. ಆದರೆ ಕ್ಲಾಸಿನಲ್ಲಿ ಎದ್ದು ನಿಂತರೆ ಅವಳ ನಾಲಿಗೆ ಕಟ್ಟಿಹೋಗುತ್ತಿತ್ತು. ನನಗೆ ಹಾಗಾಗುತ್ತಿರಲಿಲ್ಲ. ಮೂರು ತಿಂಗಳಲ್ಲಿ ನಾನು ಕ್ಲಾಸಿಗೇ ಮೊದಲಾದೆ, ನನ್ನ ಕೈಯೂ ಬಿರುಸಾಯಿತು. ಮೂಗು ಹಿಡಿದಾಗ ಎದುರಿನವಳ ಕಣ್ಣು ಮುಚ್ಚಿಕೊಳ್ಳುವುದನ್ನು ನೋಡಲು ನನಗೆ ಇಷ್ಟವಾಗುತ್ತಿತ್ತು. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಆ ಬೇಸಿಗೆಗೆ ಮಹದೇವಪುರದ ಹೊಲಮನೆಯವರು ಅಕ್ಕನನ್ನು ಕೇಳಿಕೊಂಡು ಬಂದರು. “ಪಾಸಾದ್ರೆ ಓದ್ಲಿ. ಈ ಸಲನೂ ಕೂತ್ರೆ ಕೊಟ್ಟುಬಿಡೋದೇ” ಎಂದರು ಅಪ್ಪ. ಅಜ್ಜಿ ಅಷ್ಟಕ್ಕೂ ಕಾಯದೆ, ನಮ್ಮ ಮನೆಯ ಹೆಂಗಸರೆಲ್ಲರ ಹಾಗೆ ಅಕ್ಕನಿಗೂ ಬಲಗಡೆ ಮೂಗು ಚುಚ್ಚಿಸಿದಳು. ಗಾಯ ಮಾಗಿರಲಿಲ್ಲ. ಅರಿಶಿನ ಹಚ್ಚಿಕೊಂಡ ಕೆಂಪು ಮೂಗಿನಲ್ಲೇ ಅವಳು ಬಾಯಿಪರೀಕ್ಷೆಗೆ ಬಂದಳು.

“ಸರೋಜ. ವೈಡ್” ಎಂದರು ಗ್ರೇಸಮ್ಮ.

ಅಕ್ಕನ ಬೆರಳು ರವಿಕೆಯ ಗುಂಡಿಯ ಮೇಲಿತ್ತು. “ವೈಡ್… ವಿಡ್ತ್… ವೈಡನ್…” ಎಂದಳು. ಇಡೀ ವರ್ಷದಲ್ಲಿ ಅವಳು ಅಷ್ಟು ದೂರ ಬಂದದ್ದು ಅದೇ ಮೊದಲು. ಬೆರಳು ನಾಲ್ಕನೇ ತೂತನ್ನು ತಡವುತ್ತಿತ್ತು. ಅವಳಿಗೆ ಒಂದು ಉಸಿರಿನಷ್ಟು ಹೊತ್ತು ಸಾಕಿತ್ತು, ಅದು ನನಗೆ ಗೊತ್ತಿತ್ತು.

ನಾನು ಕೈಯೆತ್ತಿ “ವೈಡ್ಲಿ” ಅಂದುಬಿಟ್ಟೆ.

“ಶಾಭಾಷ್. ಹೋಗು” ಎಂದರು ಟೀಚರ್.

ಹತ್ತಿರ ಹೋದಾಗ ಅಕ್ಕ ಮೆಲ್ಲಗೆ, “ಮೂಗು ಬೇಡ ಕಣೇ. ಕೆನ್ನೆಗೆ ಎಷ್ಟಾದ್ರೂ ಹೊಡಿ” ಎಂದಳು. ಟೀಚರಿಗೆ ಹೆದರಿ ಹಿಡಿದೆ ಎಂದು ಬರೆದರೆ ನೀವು ನಂಬುತ್ತೀರಿ, ಆದರೆ ಆ ದಿನ ನನಗೆ ಹೆದರಿಕೆ ಇರಲಿಲ್ಲ. ಇಡೀ ಕ್ಲಾಸು ನನ್ನನ್ನೇ ನೋಡುತ್ತಿತ್ತು. ಮೂಗನ್ನು ಬಿಗಿಯಾಗಿ ಹಿಡಿದು ಬಾರಿಸಿದೆ. ಮುಖ ಪಕ್ಕಕ್ಕೆ ತಿರುಗಿತು, ನನ್ನ ಬೆರಳು ಬಿಡಲಿಲ್ಲ. ಅರಿಶಿನದ ಜೊತೆ ರಕ್ತ ತುಟಿಗೆ ಇಳಿಯಿತು. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಗ್ರೇಸಮ್ಮ ಅವಳ ಹೆಸರಿನ ಮುಂದೆ ಏನೋ ಬರೆದುಕೊಂಡು ಮುಂದಿನವಳನ್ನು ಕರೆದರು.

ಬಾಗಿಲು ತಗುಲಿತೆಂದು ಅಕ್ಕ ಅಮ್ಮನಿಗೆ ಹೇಳಿದಳು. ಸಂಜೆ ಅಂಗಿಗಳನ್ನು ಎಳೆದುಕೊಂಡು ಗುಂಡಿ ಹಾಕಲು ಕೂತಳು. “ಇವತ್ತು ಯಾವ ಶಬ್ದ ಅಕ್ಕ?” ಎಂದೆ. “ನಿನಗೆ ಬರುತ್ತಲ್ಲ” ಎಂದು ಸೂಜಿಯನ್ನು ನನ್ನ ಕಡೆ ಚಾಚಿದಳು. ನಾನು ದಾರ ಪೋಣಿಸಿಕೊಟ್ಟೆ. ಅವಳು ಫೇಲಾದಳು. ಕೀವಾಗಿ ಆ ತೂತು ಮುಚ್ಚಿಹೋಯಿತು, ಮದುವೆಗೆ ಎಡಗಡೆ ಹೊಸದಾಗಿ ಚುಚ್ಚಿಸಿದರು. ಮನೆಯ ಪಟಗಳಲ್ಲೆಲ್ಲ ಎಡಗಡೆ ಮೂಗುಬೊಟ್ಟು ಇಟ್ಟವಳು ಅವಳೊಬ್ಬಳೇ.

ನಾನು ಓದಿ ಟೀಚರಾದೆ, ಮಕ್ಕಳಿಗೆ ಇದೇ ಪಾಠ ಹೇಳಿಕೊಟ್ಟು ಪೆನ್ಷನ್ನೂ ಪಡೆದೆ. ಜಗಲಿಯ ಮನೆ ಹೋಯಿತು. ಹೋದ ವರ್ಷ ಅಕ್ಕನೂ ಹೋದಳು. ಕೊನೆಯವರೆಗೂ ನನ್ನ ಮನೆಗೆ ಬಂದಾಗಲೆಲ್ಲ ಮೊಮ್ಮಕ್ಕಳ ಯೂನಿಫಾರಂ ಹುಡುಕಿ ಗುಂಡಿ ಹಾಕಿಕೊಡುತ್ತಿದ್ದಳು. ತುಟಿಯೊಳಗೇ ವೈಡ್, ವಿಡ್ತ್, ವೈಡನ್ ಎನ್ನುವಳು. ನಾಲ್ಕನೇ ತೂತಿನ ಹತ್ತಿರ ಸೂಜಿ ನಿಲ್ಲಿಸಿ ತಲೆಯೆತ್ತಿ ನನ್ನನ್ನು ನೋಡುವಳು. ನಾನು ಹೇಳುವವರೆಗೂ ದಾರ ಎಳೆಯುತ್ತಿರಲಿಲ್ಲ.